ಬರೆದದ್ದು ಕಮ್ಮಿ, ಬೆಳೆಸಿದ್ದು ಹೆಚ್ಚು: ತಳುಕಿನ ವೆಂಕಣ್ಣಯ್ಯ

ರಾಯದುರ್ಗದ ಕಡೆಯವರಿಗೆ ತಳುಕು ದೂರದ ಊರೇನಲ್ಲ. ಗಡಿಯಾಚೆ ಚಳ್ಳಕೆರೆ ತಾಲ್ಲೂಕಿನಲ್ಲಿದೆ. ಕಾದಂಬರಿಕಾರ ತ.ರಾ.ಸು. ಅವರ ಹೆಸರಿನ ಮೊದಲಕ್ಷರ ಇದೇ ಊರಿನದು. ಅದೇ ಮನೆತನದ ಹಿರಿಯರು ಟಿ.ಎಸ್. ವೆಂಕಣ್ಣಯ್ಯ. ಹುಟ್ಟಿದ್ದು 1885ರಲ್ಲಿ.

ವೆಂಕಣ್ಣಯ್ಯ ಆಳೆತ್ತರದ, ಆಜಾನುಬಾಹು ವ್ಯಕ್ತಿ. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರೆಂದು ಹೆಸರಾದವರು. ಕಾಲೇಜುಗಳಲ್ಲಿ ಇಂಗ್ಲಿಷ್ ಪ್ರೊಫೆಸರಿಗೆ ಸಿಗುತ್ತಿದ್ದ ಮರ್ಯಾದೆ ಕನ್ನಡ ಪಂಡಿತರಿಗೆ ಇರದಿದ್ದ ಕಾಲ ಅದು. 1927ರಲ್ಲಿ ಮೈಸೂರಿನಲ್ಲಿ ಕನ್ನಡ ಎಂ.ಎ. ಶುರುವಾಯಿತು, ಸರಿ. ಆದರೆ ಓದಿ ಮುಂದೇನು ಅನ್ನೋ ಪ್ರಶ್ನೆ ಇದ್ದೇ ಇತ್ತು. ಬುದ್ಧಿವಂತ ಹುಡುಗರು ಬೇರೆ ವಿಷಯ ಹಿಡಿದು ಹೋದರೆ ವಿಭಾಗ ಕಟ್ಟುವುದು ಯಾರನ್ನು ನೆಚ್ಚಿಕೊಂಡು?

ಆಗ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಗುಂಗಿನಲ್ಲಿದ್ದ ಮಲೆನಾಡಿನ ಹುಡುಗನೊಬ್ಬನಿದ್ದ. ಕುಪ್ಪಳಿಯ ಪುಟ್ಟಪ್ಪ. ಕನ್ನಡ ಎಂ.ಎ. ತಗೊಳ್ಳುವಂತೆ ಅವನ ಮನ ಒಲಿಸಿದವರು ವೆಂಕಣ್ಣಯ್ಯ. ಆತ 1929ರಲ್ಲಿ ಎಂ.ಎ. ಮುಗಿಸಿ ಅದೇ ಕಾಲೇಜಿನಲ್ಲಿ ಅಧ್ಯಾಪಕನಾದ. ಶಿಷ್ಯ ಹೀಗೆ ಸಹೋದ್ಯೋಗಿಯಾದ. ಇಂಥ ಕಡೆ ಹಿರಿಯರು ಕೊಂಚ ಬಿಗಿಯಾಗುವುದುಂಟು. ಇವರು ಹಾಗಾಗಲಿಲ್ಲ. ಕಾಲೇಜಿನಲ್ಲಿ ಮುಖ್ಯಸ್ಥ, ಹೊರಗೆ ಗೆಳೆಯ. ಹುಡುಗನ ಕವಿತೆಗೆ ಮೊದಲ ಕೇಳುಗರ ಪೈಕಿ ಒಬ್ಬರು.

ಸಮಾನರ ಜೊತೆಗೂ ಅದೇ ರೀತಿ. ಎ.ಆರ್. ಕೃಷ್ಣಶಾಸ್ತ್ರಿಗಳ ಜತೆ ಸೇರಿ ರಾಮಕೃಷ್ಣ ಪರಮಹಂಸರ ಚರಿತ್ರೆ ಬರೆದರು, ಹರಿಶ್ಚಂದ್ರಕಾವ್ಯದ ಸಂಗ್ರಹ ತಂದರು. ಈ ಜೋಡಿಯನ್ನು ಕನ್ನಡದ ಅಶ್ವಿನೀದೇವತೆಗಳು ಅಂತಲೇ ಜನ ಕರೆದರು.

ಸೊಲ್ಲಾಪುರ, ಅಕ್ಕಲಕೋಟೆಯ ಓದುಗರು ತಿಳಿಯಬೇಕಾದ ಸಂಗತಿಯೊಂದಿದೆ. ಸೊನ್ನಲಿಗೆಯ ಸಿದ್ಧರಾಮನ ಕಥೆ ಹೇಳುವ ರಾಘವಾಂಕನ ಸಿದ್ಧರಾಮಚರಿತ್ರೆಯನ್ನು ಸಂಪಾದಿಸಿದವರಲ್ಲಿ ಇವರೂ ಒಬ್ಬರು. ಜೊತೆ ಸಂಪಾದಕ ಬೇರೆ ಯಾರೂ ಅಲ್ಲ, ಶಿಷ್ಯ ಡಿ.ಎಲ್. ನರಸಿಂಹಾಚಾರ್. ಹಳೆಯ ಓಲೆಗರಿ ತಿದ್ದುವ ಕಷ್ಟದ ಕೆಲಸವನ್ನು ಶಿಷ್ಯರಿಂದ ಮಾಡಿಸಿ, ಮುಖಪುಟದಲ್ಲಿ ತಮ್ಮ ಹೆಸರು ಮಾತ್ರ ಹಾಕಿಕೊಳ್ಳುವ ಗುರುಗಳಿಗೆ ಯಾವ ಕಾಲದಲ್ಲೂ ಬರ ಇಲ್ಲ. ಇಲ್ಲಿ ಎರಡು ಹೆಸರು ಜೊತೆಯಲ್ಲೇ ನಿಂತಿವೆ. ಡಿ.ಎಲ್.ಎನ್. ಮುಂದೆ ಗ್ರಂಥಸಂಪಾದನೆಯಲ್ಲಿ ನಾಡೇ ಒಪ್ಪಿದ ವಿದ್ವಾಂಸರಾದರು.

ಇದಕ್ಕೆ ಬೆಲೆ ತೆರಲಿಲ್ಲ ಅಂತಲ್ಲ. ಹರಿಹರನ ಬಸವರಾಜದೇವರ ರಗಳೆಯಂಥ ಸಂಪಾದನೆ ಬಿಟ್ಟರೆ ಸ್ವಂತದ್ದು ಅಂತ ಸಿಗುವ ಬರಹ ಅಷ್ಟಕ್ಕಷ್ಟೆ. ಅವರಷ್ಟು ಓದಿದವರು ಇನ್ನೂ ಬರೆಯಬೇಕಿತ್ತು. ಹೊತ್ತೆಲ್ಲ ಪಾಠಕ್ಕೆ, ಹುಡುಗರಿಗೆ, ಬೇರೆಯವರ ಪುಸ್ತಕಕ್ಕೆ ಹೋಯಿತು. 1939ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ವಯಸ್ಸು ಇನ್ನೂ 53.

ಅಷ್ಟರಲ್ಲಿ ಪುಟ್ಟಪ್ಪ ಶ್ರೀ ರಾಮಾಯಣ ದರ್ಶನಂ ಬರೆಯತೊಡಗಿ ಸುಮಾರು ಮೂರು ವರ್ಷವಾಗಿತ್ತು. ಕಾವ್ಯ ಪೂರ್ತಿ ಕೇಳುವ ಭಾಗ್ಯ ಗುರುಗಳಿಗೆ ಸಿಗಲಿಲ್ಲ. ಅದು ಮುಗಿದದ್ದು 1946ರಲ್ಲಿ. ಅದೇ ವರ್ಷ ಪುಟ್ಟಪ್ಪ ಪ್ರಾಧ್ಯಾಪಕರಾದರು, ಆಮೇಲೆ 1956ರಲ್ಲಿ ಕುಲಪತಿ. 1967ರ ಸಾಲಿನ ಜ್ಞಾನಪೀಠವೂ ಆ ಕಾವ್ಯಕ್ಕೇ ಬಂತು. ಪುಸ್ತಕ ತೆರೆದರೆ ಕಥೆ ಶುರುವಾಗುವ ಮುಂಚೆ ಒಂದು ಅರ್ಪಣೆ ಇದೆ. ಬದುಕಿರದ ವೆಂಕಣ್ಣಯ್ಯನವರನ್ನು ಎದುರಿಗೇ ಕೂರಿಸಿಕೊಂಡು, ಕೆಲಸ ಮುಗಿಸಿ ತಂದ ಹುಡುಗನಂತೆ ಕುವೆಂಪು ಅಲ್ಲಿ ಕಾವ್ಯವನ್ನು ಒಪ್ಪಿಸಿದ್ದಾರೆ.