ಕಾಫ್ಕಾ ಮತ್ತು ಚೌಕ ಶಾಫ್ಟ್

ಫ್ರಾಂಜ್ ಕಾಫ್ಕಾ ಅಂದರೆ ನಮ್ಮಲ್ಲಿ ಓದುವ ಹುಚ್ಚಿರೋರಿಗೆ ಥಟ್ಟನೆ ನೆನಪಾಗೋದು, ಬೆಳಿಗ್ಗೆ ಏಳುವಷ್ಟರಲ್ಲಿ ಹುಳುವಾಗಿಬಿಟ್ಟಿದ್ದ ಸೇಲ್ಸ್‌ಮನ್ ಕಥೆ. ಓದದವರಿಗೂ ಇನ್‌ಸ್ಟಾಗ್ರಾಮ್‌ನಲ್ಲಿ ಅವನ ಮುಖ ಪರಿಚಯ. ಆದರೆ ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದ ಕೆಲಸ ನಮ್ಮ ಮೆಕ್ಯಾನಿಕಲ್ ಬ್ರಾಂಚ್‌ಗೆ ಎಷ್ಟು ಹತ್ತಿರದ್ದು ಅಂತ ನಮಗೂ ಮೊನ್ನೆ ಮೊನ್ನೆವರೆಗೆ ಗೊತ್ತಿರಲಿಲ್ಲ. ಸುಮಾರು 14 ವರ್ಷ ಅವನು ಕಾರ್ಮಿಕರ ಅಪಘಾತ ವಿಮೆಯ ಆಫೀಸಿನಲ್ಲಿದ್ದ.

ಹುಟ್ಟಿದ್ದು 1883ರ ಜುಲೈ 3ರಂದು, ಪ್ರಾಗ್‌ನಲ್ಲಿ, ಜರ್ಮನ್ ಮಾತಾಡುವ ಯಹೂದಿ ಮನೆಯಲ್ಲಿ. ಆಗ ಆ ಊರು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಬೊಹೆಮಿಯಾ ಪ್ರಾಂತ್ಯದಲ್ಲಿತ್ತು. ಅಪ್ಪನದು ಫ್ಯಾನ್ಸಿ ಸಾಮಾನಿನ ಅಂಗಡಿ. ಅಪ್ಪ ಮಗನಿಗೆ ಆಗಿಬರ್ತಿರಲಿಲ್ಲ, ಆ ಕಥೆ ಎಲ್ಲರೂ ಬರೆದಿದ್ದಾರೆ, ಬಿಡಿ. 1906ರಲ್ಲಿ ಕಾನೂನಿನಲ್ಲಿ ಡಾಕ್ಟರೇಟ್ ಮುಗಿಸಿ ಒಂದು ಖಾಸಗಿ ವಿಮಾ ಕಂಪನಿ ಸೇರಿದ. ಅಲ್ಲಿನ ಉದ್ದುದ್ದ ಡ್ಯೂಟಿಯಲ್ಲಿ ಬರೆಯೋಕೆ ಸಮಯವೇ ಸಿಗದೆ ಬಿಟ್ಟ. 1908ರ ಜುಲೈಯಲ್ಲಿ ಬೊಹೆಮಿಯಾದ ಕಾರ್ಮಿಕ ಅಪಘಾತ ವಿಮಾ ಸಂಸ್ಥೆಗೆ ಬಂದ. ಬೆಳಿಗ್ಗೆ 8ಕ್ಕೆ ಹೋದರೆ ಮಧ್ಯಾಹ್ನ 2ಕ್ಕೆ ಬಿಡುವು. ರಾತ್ರಿಯೆಲ್ಲ ಬರೆಯಬಹುದಿತ್ತು.

ಈ ಸಂಸ್ಥೆ ಯಾಕೆ ಬೇಕಾಗಿತ್ತು ಅನ್ನೋದನ್ನ ಸ್ವಲ್ಪ ಹೇಳಬೇಕು. ಅದಕ್ಕೂ ಮುಂಚೆ ಮಿಲ್ಲಿನಲ್ಲಿ ಕೈ ಕಳಕೊಂಡವನು ಪರಿಹಾರ ಬೇಕಂದರೆ ಮಾಲೀಕನ ತಪ್ಪನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಿತ್ತು. ಕೈ ಇಲ್ಲ, ಕೂಲಿ ಇಲ್ಲ, ಇನ್ನು ಲಾಯರ್ ಫೀಸ್ ಎಲ್ಲಿಂದ ತರೋದು? 1887ರ ಆಸ್ಟ್ರಿಯಾ ಕಾನೂನು ಈ ತಪ್ಪು ಯಾರದ್ದು ಅನ್ನೋ ಜಗಳವನ್ನೇ ಪಕ್ಕಕ್ಕಿಟ್ಟಿತು. ಪೂರ್ತಿ ದುಡಿಯಲಾಗದವನಿಗೆ ಕೂಲಿಯ ಶೇ. 60ರಷ್ಟು ಪಿಂಚಣಿ. ಸತ್ತರೆ ವಿಧವೆಗೆ ಶೇ. 20, ಮಕ್ಕಳಿಗೆ ಬೇರೆ. ಬೆರಳು ಹೋದರೆ, ದುಡಿಯುವ ಶಕ್ತಿ ಎಷ್ಟು ಕಡಿಮೆಯಾಯ್ತೋ ಅದಕ್ಕೆ ತಕ್ಕ ಪಾಲು. ಕಂತಿನ ಶೇ. 90 ಭಾಗ ಮಾಲೀಕನೇ ಕಟ್ಟಬೇಕು, ಉಳಿದ ಶೇ. 10 ಕೆಲಸಗಾರನದು. ಕೆಲಸ ಎಷ್ಟು ಅಪಾಯದ್ದೋ ಕಂತು ಅಷ್ಟು ಜಾಸ್ತಿ. ಹಾಗಾಗಿ ಮಾಲೀಕರು ಕೂಲಿಯನ್ನು ಕಡಿಮೆ ತೋರಿಸೋರು, ನಮ್ಮ ಕಾರ್ಖಾನೆ ಅಷ್ಟೇನೂ ಅಪಾಯದ್ದಲ್ಲ ಅಂತ ಮೇಲ್ಮನವಿ ಹಾಕೋರು. ಅವಕ್ಕೆ ಉತ್ತರ ಬರೆಯೋದು, ಉತ್ತರ ಬೊಹೆಮಿಯಾದ ಕಾರ್ಖಾನೆಗಳಿಗೆ ಹೋಗಿ ಕಣ್ಣಾರೆ ನೋಡೋದು ಕಾಫ್ಕಾನ ಕೆಲಸ. ಲಾ ಓದಿದವನಿಗೆ ಮೆಷಿನ್ ಅರ್ಥ ಆಗಬೇಕಲ್ಲ, ಅದಕ್ಕೆ ಪ್ರಾಗ್‌ನ ಟೆಕ್ನಿಕಲ್ ಕಾಲೇಜಿಗೆ ಹೋಗಿ ಮೆಕ್ಯಾನಿಕಲ್ ಟೆಕ್ನಾಲಜಿ ಪಾಠ ಕೇಳಿದ. (ಅಟೆಂಡೆನ್ಸ್ ಶಾರ್ಟೇಜ್ ಇರೋ ನಾವು ಇಲ್ಲಿ ಸುಮ್ಮನಿರೋದೇ ವಾಸಿ.)

ಸಂಸ್ಥೆಯ 1909ರ ವಾರ್ಷಿಕ ವರದಿಗೆ ಅವನು ಮರ ಹೆರೆಯುವ ಪ್ಲೇನಿಂಗ್ ಮೆಷಿನ್ ಬಗ್ಗೆ ಬರೆದ. ವರ್ಕ್‌ಶಾಪ್‌ನಲ್ಲಿ ನಾವು ಕೈಯಲ್ಲಿ ತಳ್ಳಿದ ಜ್ಯಾಕ್ ಪ್ಲೇನ್ ಅಲ್ಲ ಇದು. ಮೇಜಿನ ನಡುವೆ ಒಂದು ಸೀಳು, ಅದರ ಕೆಳಗೆ ಬ್ಲೇಡ್ ಹೊತ್ತು ಜೋರಾಗಿ ತಿರುಗುವ ಶಾಫ್ಟ್, ಮೇಲೆ ಮರವನ್ನು ಕೈಯಿಂದ ತಳ್ಳಬೇಕು. ಶಾಫ್ಟ್ ಚೌಕವಾಗಿದ್ದರಿಂದ ಅದರ ಚಪ್ಪಟೆ ಮೈಗೂ ಮೇಜಿನ ಅಂಚಿಗೂ ನಡುವೆ ದೊಡ್ಡ ಸಂದು. ಮರದ ಗಂಟು ಸಿಕ್ಕಿ ತುಂಡು ಎಗರಿದರೆ ಬೆರಳು ನೇರ ಆ ಸಂದಿಗೇ. ಎಷ್ಟೇ ಹುಷಾರಾಗಿರುವ ಕೆಲಸಗಾರನಿಗೂ ಇದು ತಪ್ಪಿದ್ದಲ್ಲ ಅಂತ ಕಾಫ್ಕಾ ವಾದಿಸಿದ. ನಮಗೆ ಬಹಳ ಹಿಡಿಸಿದ್ದು ಇದೇ ಮಾತು. ಯಾಕಂದರೆ ಲ್ಯಾಬ್‌ನಲ್ಲಿ ಏನಾದರೂ ಆದರೆ ಮೊದಲು ಕೇಳೋ ಪ್ರಶ್ನೆ, ನಿನ್ನ ಗಮನ ಎಲ್ಲಿತ್ತು ಅಂತ ತಾನೆ? ಬದಲಿಗೆ ಅವನು ಸೂಚಿಸಿದ್ದು ದುಂಡು ಶಾಫ್ಟ್. ಬ್ಲೇಡ್ ಅದರ ಮೈಯೊಳಗೇ ಕೂತಿರುತ್ತೆ, ಸಂದು ಚಿಕ್ಕದು. ಬೆರಳು ಜಾರಿದರೂ ಗೀರು ಗಾಯದಲ್ಲಿ ಮುಗಿಯುತ್ತೆ. ಖರ್ಚಿನಲ್ಲೂ ಇದೇ ಲಾಭ ಅಂತ ಮಾಲೀಕರ ಭಾಷೆಯಲ್ಲೇ ತಿಳಿಸಿದ. ಜೊತೆಗೆ ಎರಡೂ ಶಾಫ್ಟಿನ ಚಿತ್ರ, ತುಂಡಾದ ಬೆರಳುಗಳ ಕೈ ಚಿತ್ರ. ಅವನೇ ಹೆಲ್ಮೆಟ್ ಕಂಡುಹಿಡಿದ ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ, ಅದಕ್ಕೆ ದಾಖಲೆ ಇಲ್ಲ. ಶಾಫ್ಟಿಗಿದೆ.

ಒಂದು ವಿಷಯ ಬಿಟ್ಟರೆ ಮೋಸವಾಗುತ್ತೆ. 1911ರಲ್ಲಿ ಭಾವನ ಜೊತೆ ಸೇರಿ ಕಾಫ್ಕಾ ಒಂದು ಆಸ್‌ಬೆಸ್ಟಾಸ್ ಕಾರ್ಖಾನೆಯ ಪಾಲುದಾರನಾದ. ಧೂಳು ಮೆತ್ತಿದ ಹೆಣ್ಣುಮಕ್ಕಳು ಬೆಲ್ಟುಗಳ ಗದ್ದಲದಲ್ಲಿ ದುಡಿಯೋದನ್ನ ನೋಡಿ ಡೈರಿಯಲ್ಲಿ ಸಂಕಟಪಟ್ಟ. ಆದರೂ ಪಾಲುದಾರ ಪಾಲುದಾರನೇ. ನಮಗೆ ಇದು ಸುಲಭಕ್ಕೆ ಜೀರ್ಣವಾಗಲಿಲ್ಲ.

ಗಾಯಾಳುಗಳು ಸಂಸ್ಥೆಯನ್ನು ಒಡೆದು ಹಾಕೋದು ಬಿಟ್ಟು ಕೈಮುಗಿದು ಬರ್ತಾರಲ್ಲ ಅಂತ ಅವನು ಅಚ್ಚರಿಪಡ್ತಿದ್ದನಂತೆ, ಗೆಳೆಯ ಮ್ಯಾಕ್ಸ್ ಬ್ರಾಡ್ ಇದನ್ನ ನೆನಪಿಸಿಕೊಂಡಿದ್ದಾನೆ. ಮಹಾಯುದ್ಧದ ವರ್ಷಗಳಲ್ಲಿ ಗಾಯಗೊಂಡು ಮರಳಿದ ಸೈನಿಕರ ಆರೈಕೆಯ ಕೆಲಸವೂ ಹೆಗಲಿಗೆ ಬಿತ್ತು. 1917ರಲ್ಲಿ ಅವನಿಗೇ ರಕ್ತ ಕಾರುವ ಕ್ಷಯ ಬಂತು. 1922ರಲ್ಲಿ ಪಿಂಚಣಿಯೊಂದಿಗೆ ನಿವೃತ್ತನಾದ. 1924ರ ಜೂನ್ 3ರಂದು ವಿಯೆನ್ನಾ ಹತ್ತಿರದ ಕೀರ್ಲಿಂಗ್‌ನಲ್ಲಿ ತೀರಿಕೊಂಡಾಗ 40 ವರ್ಷ.

ತನ್ನ ಹಸ್ತಪ್ರತಿಗಳನ್ನೆಲ್ಲ ಸುಟ್ಟುಬಿಡು ಅಂತ ಬ್ರಾಡ್‌ಗೆ ಬರೆದಿಟ್ಟಿದ್ದ, ಬ್ರಾಡ್ ಸುಡಲಿಲ್ಲ. ಶಾಫ್ಟಿನ ವರದಿ ಮಾತ್ರ 1910ರಲ್ಲೇ ಅಚ್ಚಾಗಿ ಹೋಗಿತ್ತು, ಕೆಳಗೆ ಕಾಫ್ಕಾನ ಹೆಸರಿಲ್ಲದೆ.