ಪ್ಯಾರಿಸ್ಸಿನಲ್ಲಿ ಗೋವಾದ ಯಾಜಕ: ಅಬ್ಬೆ ಫಾರಿಯಾ

ಪಣಜಿಯಲ್ಲಿ ಮಾಂಡವಿ ನದಿಯ ದಂಡೆಗೆ ಹಳೆಯ ಸಚಿವಾಲಯದ ಕಟ್ಟಡವಿದೆ. ಅದರ ಪಕ್ಕದಲ್ಲೊಂದು ಪ್ರತಿಮೆ. ನಿಲುವಂಗಿ ತೊಟ್ಟ ಯಾಜಕರೊಬ್ಬರು ಕೈ ಚಾಚಿ ನಿಂತಿದ್ದಾರೆ. ಎದುರಿಗೆ ಹೆಣ್ಣುಮಗಳೊಬ್ಬಳು ಎಚ್ಚರ ತಪ್ಪಿದವಳಂತೆ ಹಿಂದಕ್ಕೆ ವಾಲಿದ್ದಾಳೆ. ಸಂತ ಫ್ರಾನ್ಸಿಸ್ ಝೇವಿಯರರ ದರ್ಶನಕ್ಕೆಂದು ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯಿಂದ ಹೋದವರು ಇದನ್ನು ನೋಡಿ, ದೆವ್ವ ಬಿಡಿಸುವ ಪಾದ್ರಿಯಿರಬೇಕೆಂದು ತಿಳಿದು ಬರುವುದುಂಟು. ನಿಜಸಂಗತಿ ಅದಕ್ಕೆ ತೀರ ವಿರುದ್ಧ. ಇದು ದೆವ್ವವೂ ಅಲ್ಲ, ಮಾಟವೂ ಅಲ್ಲ, ಮನುಷ್ಯನ ಮನಸ್ಸಿನದೇ ಶಕ್ತಿ ಎಂದು ಸಾರಿ, ಅದಕ್ಕಾಗಿ ನಗೆಪಾಟಲಾದ ಯಾಜಕರು ಇವರು. ಸಂಮೋಹನ ಚಿಕಿತ್ಸೆಯ ಮೂಲಪುರುಷರಲ್ಲಿ ಒಬ್ಬರು. ಪ್ರತಿಮೆಯನ್ನು ರಾಮಚಂದ್ರ ಪಾಂಡುರಂಗ ಕಾಮತ್ ಎಂಬ ಶಿಲ್ಪಿ 1945ರಲ್ಲಿ ಮಾಡಿದರು. ಪಕ್ಕದ ಕಟ್ಟಡವಾದರೋ ಮೂಲದಲ್ಲಿ ಬಿಜಾಪುರದ ಆದಿಲಶಾಹನ ಅರಮನೆ. ನಮ್ಮ ಮುದಗಲ್ ಕೋಟೆಯನ್ನು ಆಳಿದ್ದೂ ಅದೇ ಮನೆತನ. ಆ ಲೆಕ್ಕದಲ್ಲಿ ಫಾರಿಯಾ ನಮಗೆ ಪರದೇಶಿಯೇನಲ್ಲ.

ಜೋಸೆ ಕುಸ್ತೋದಿಯೋ ದೆ ಫಾರಿಯಾ ಹುಟ್ಟಿದ್ದು 1756ರಲ್ಲಿ, ಬಾರ್ದೇಸಿನ ಕಾಂದೋಳಿಯಲ್ಲಿ. ತಂದೆ ಕಾಯೆತಾನೋ, ತಾಯಿ ರೋಜಾ ಮಾರಿಯಾ. ಇವರ ಸಂಸಾರ ಸುಖವಾಗಿರಲಿಲ್ಲ. ಕೊನೆಗೆ ಧರ್ಮಸಭೆಯ ಅನುಮತಿ ಪಡೆದು ಇಬ್ಬರೂ ಬೇರೆಯಾದರು. ತಂದೆ ಯಾಜಕರಾದರು, ತಾಯಿ ಹಳೆಗೋವಾದ ಸಂತ ಮೋನಿಕಾ ಮಠ ಸೇರಿದರು. ಮುರಿದ ಮನೆಯ ಮಗು ಎಂದು ಕೆಲವರನ್ನು ನಾವು ಸುಲಭವಾಗಿ ಹಳಿಯುತ್ತೇವಲ್ಲ, ಅಂಥ ಮಗುವೇ ಇದು. 1771ರಲ್ಲಿ ಹದಿನೈದರ ಹುಡುಗ ತಂದೆಯೊಡನೆ ಲಿಸ್ಬನ್ನಿಗೆ, ಅಲ್ಲಿಂದ ರೋಮಿಗೆ ಹೋದ. 1780ರಲ್ಲಿ ಅಲ್ಲಿಯೇ ಗುರುದೀಕ್ಷೆಯಾಯಿತು. ದೈವಶಾಸ್ತ್ರದಲ್ಲಿ ಡಾಕ್ಟರೇಟೂ ಬಂದಿತು.

ಲಿಸ್ಬನ್ನಿಗೆ ಮರಳಿದ ಮೇಲಿನ ಒಂದು ಪ್ರಸಂಗವನ್ನು ಗೋವಾದವರು ಇಂದಿಗೂ ಹೇಳುತ್ತಾರೆ. ರಾಣಿಯ ಚಾಪೆಲಿನಲ್ಲಿ ಪ್ರಬೋಧನೆಗೆ ನಿಂತ ಫಾರಿಯಾರಿಗೆ ಎದುರಿನ ದೊಡ್ಡ ಮನುಷ್ಯರನ್ನು ಕಂಡು ಬಾಯಿ ಕಟ್ಟಿಹೋಯಿತಂತೆ. ಆಗ ತಂದೆ ಕೊಂಕಣಿಯಲ್ಲಿ ಮೆಲ್ಲನೆ, ಇವರೆಲ್ಲ ಬರೀ ತರಕಾರಿ, ಹೆಚ್ಚಿಹಾಕು ಎಂದರಂತೆ. ಒಂದೇ ಮಾತಿಗೆ ಅಂಜಿಕೆ ಹಾರಿಹೋಯಿತು, ಮಾತು ಹೊಳೆಯಂತೆ ಹರಿಯಿತು. ಇದು ನಡೆದದ್ದೇ ಆಗಲಿ, ಕಟ್ಟಿದ ಕತೆಯೇ ಆಗಲಿ, ಅವರ ಮುಂದಿನ ಬದುಕಿನ ವಿಷಯವೆಲ್ಲ ಇದರಲ್ಲಿದೆ. ನಂಬುವವರ ಬಾಯಿಂದ ಬಂದ ಒಂದು ಮಾತು ದೇಹವನ್ನೇ ಬದಲಿಸಬಲ್ಲುದು ಹೇಗೆ?

1788ರಲ್ಲಿ ಪ್ಯಾರಿಸ್ ಸೇರಿದರು. ಮರುವರ್ಷವೇ ಕ್ರಾಂತಿ. ಆ ಗಲಭೆಯ ಕಾಲವನ್ನು ಇಲ್ಲಿ ಬಿಡೋಣ. ಆಗ ಯೂರೋಪಿನಲ್ಲಿ ಮೆಸ್ಮರ್ ಎಂಬ ವೈದ್ಯನ ಹೆಸರು ಮನೆಮಾತಾಗಿತ್ತು. ತನ್ನಿಂದ ಒಂದು ಕಾಂತಶಕ್ತಿ ಹರಿದು ರೋಗಿಯನ್ನು ಗುಣಪಡಿಸುತ್ತದೆಂದು ಆತನ ವಾದ. 1784ರಲ್ಲಿ ಹದಿನಾರನೇ ಲೂಯಿ ನೇಮಿಸಿದ ಆಯೋಗ ಅಂಥ ಶಕ್ತಿಯೇ ಇಲ್ಲ, ಎಲ್ಲ ಕಲ್ಪನೆಯ ಪ್ರಭಾವ ಎಂದು ತೀರ್ಪಿತ್ತಿತು. ಲೋಕ ಅಲ್ಲಿಗೆ ಸುಮ್ಮನಾಯಿತು, ಫಾರಿಯಾ ಸುಮ್ಮನಾಗಲಿಲ್ಲ. ಕಲ್ಪನೆಯೇ ಕಾರಣವಾದರೆ ಅದು ಕೆಲಸ ಮಾಡುವುದು ಹೇಗೆಂದು ಹುಡುಕಿದರು.

1813ರಲ್ಲಿ ಕ್ಲಿಷಿ ಬೀದಿಯಲ್ಲಿ ಸಾರ್ವಜನಿಕ ಪಾಠ ಆರಂಭಿಸಿದರು. ಕುರ್ಚಿಯಲ್ಲಿ ಕೂಡಿಸಿ, ಕಣ್ಣು ಮುಚ್ಚಿಸಿ, ನಿದ್ದೆಯನ್ನೇ ನೆನೆಯಲು ಹೇಳಿ, ನಂತರ ಗಟ್ಟಿ ದನಿಯಲ್ಲಿ ನಿದ್ರಿಸಲು ಆಜ್ಞಾಪಿಸುತ್ತಿದ್ದರು. ಅಯಸ್ಕಾಂತವಿಲ್ಲ, ಮಂತ್ರವಿಲ್ಲ. ಶಕ್ತಿಯಿರುವುದು ಮಾಡಿಸುವವನಲ್ಲಿ ಅಲ್ಲ, ಮಾಡಿಸಿಕೊಳ್ಳುವವನ ಏಕಾಗ್ರತೆಯಲ್ಲಿ. ಒಪ್ಪದವನಿಗೆ ಇದು ಹತ್ತುವುದಿಲ್ಲ ಎಂಬುದು ಅವರ ಬೋಧನೆ. ರಕ್ತ ತೆಳುವಾಗಿರುವವರು ಬೇಗ ನಿದ್ರಿಸುತ್ತಾರೆ ಎಂದೂ ಹೇಳಿದರು, ಅದು ತಪ್ಪು. ಮೊದಲಿನದು ಉಳಿಯಿತು. ಬ್ರಿಟನ್ನಿನ ಬ್ರೇಡ್ ಎಂಬ ಶಸ್ತ್ರವೈದ್ಯ 1843ರ ತನ್ನ ಪುಸ್ತಕದಲ್ಲಿ ಈ ವಿದ್ಯೆಗೆ ಹಿಪ್ನಾಟಿಸಂ ಎಂಬ ಹೆಸರನ್ನು ರೂಢಿಗೆ ತಂದರು.

ಇಂದಿನ ವೈದ್ಯರು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಸಂಮೋಹನವೆಂದರೆ ನಿದ್ದೆಯಲ್ಲ, ಗಮನವೆಲ್ಲ ಒಂದೆಡೆ ನೆಟ್ಟು ಸೂಚನೆಗೆ ಮನಸ್ಸು ತೆರೆದುಕೊಂಡ ಸ್ಥಿತಿ. ನೋವು, ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕ, ಪದೇ ಪದೇ ಕಾಡುವ ಕೆಲವು ಕರುಳಿನ ತೊಂದರೆ, ಇವುಗಳಲ್ಲಿ ಔಷಧದ ಜೊತೆಗೆ ನೆರವಾಗುತ್ತದೆ. ಬೀಡಿ ಸಿಗರೇಟು ಬಿಡಿಸಲು ಅಷ್ಟಾಗಿ ನಂಬುವಂತಿಲ್ಲ. ಭ್ರಮೆ ಕಾಣುವ, ಇಲ್ಲದ ದನಿ ಕೇಳುವ ಕಾಯಿಲೆಯವರಿಗೆ ಕೇಡೂ ಆದೀತು. ಮರೆತದ್ದನ್ನು ನೆನಪಿಸುತ್ತೇವೆಂದು ಹೊರಟರೆ ನಡೆಯದೇ ಇದ್ದದ್ದೂ ನೆನಪಾಗಿ ಮೂಡಬಹುದು. 1957ರಲ್ಲಿ ಜಗದ್ಗುರು ಪೋಪ್ ಹನ್ನೆರಡನೇ ಪಯಸರು ಅರಿವಳಿಕೆ ವೈದ್ಯರಿಗೆ ಮಾತನಾಡುತ್ತಾ, ವೈದ್ಯನು ಕಟ್ಟುನಿಟ್ಟಿನ ಎಚ್ಚರದೊಂದಿಗೆ ಚಿಕಿತ್ಸೆಗಾಗಿ ಬಳಸುವ ಸಂಮೋಹನವನ್ನು ಒಪ್ಪಿದರು. ಆ ಒಪ್ಪಿಗೆಯನ್ನು ಎಲ್ಲ ಬಗೆಯ ಸಂಮೋಹನಕ್ಕೂ ಹಿಗ್ಗಿಸಬಾರದೆಂದೂ ಹೇಳಿದರು.

ಪ್ರಿಯ ಓದುಗರೇ, ಇದನ್ನು ಬರೆಯಲು ಕಾರಣವಿದೆ. ನಮ್ಮ ಭಾಗದಲ್ಲಿ ಹೊಸದಾಗಿ ಮದುವೆಯಾದ ಮಗಳು ಮೂರ್ಛೆ ಬಿದ್ದರೆ, ಮಗ ಓದು ಬಿಟ್ಟು ಮೂಲೆ ಹಿಡಿದರೆ, ಗಾಳಿ ಸೋಕಿದೆಯೆಂದು ಹೊಡೆಯುವವರಿದ್ದಾರೆ, ಹೊಗೆ ಹಾಕುವವರಿದ್ದಾರೆ; ವಶೀಕರಣದ ಹೆಸರಿನಲ್ಲಿ ಸಾವಿರಗಟ್ಟಲೆ ಕೀಳುವವರೂ ಇದ್ದಾರೆ. ಕ್ರೈಸ್ತ ಮನೆಗಳೇನೂ ಇದಕ್ಕೆ ಹೊರತಲ್ಲ. ಗುರುಗಳನ್ನು ಕರೆಯಿರಿ, ಪ್ರಾರ್ಥನೆ ಮಾಡಿಸಿರಿ. ಜೊತೆಗೆ ಅದೇ ದಿನ ಆಸ್ಪತ್ರೆಗೂ ಕರೆದೊಯ್ಯಿರಿ. ಮೂರ್ಛೆರೋಗಕ್ಕೆ ಮಾತ್ರೆಯಿದೆ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಸಂಮೋಹನ ಮಾಡುತ್ತೇನೆಂದು ಯಾರಾದರೂ ಬಂದರೆ, ಅವರು ಮನೋವೈದ್ಯರೋ ತರಬೇತಾದ ಮನಶ್ಶಾಸ್ತ್ರಜ್ಞರೋ ಎಂದು ಮೊದಲು ಕೇಳಿ. ಮಗಳಿಗೆ ಒಪ್ಪಿಗೆಯಿದೆಯೇ ಎಂದು ಅವಳನ್ನೂ ಕೇಳಿ.

ಫಾರಿಯಾರ ಕೊನೆಗಾಲ ಕಷ್ಟದ್ದು. ನಟನೊಬ್ಬ ಸಭೆಗೆ ಬಂದು ನಿದ್ದೆ ಬಂದಂತೆ ನಟಿಸಿ ಅಪಹಾಸ್ಯ ಮಾಡಿದ. 1816ರಲ್ಲಿ ಅವರನ್ನು ಗೇಲಿ ಮಾಡುವ ನಾಟಕವೇ ರಂಗಕ್ಕೆ ಬಂತು. ಇತ್ತ ಧರ್ಮದ ಕಡೆಯವರು ಇದು ಸೈತಾನನ ಕೆಲಸವೆಂದರು. ಪಾಠ ನಿಂತಿತು. ಹೆಣ್ಣುಮಕ್ಕಳ ಒಂದು ಶಾಲೆಯ ಗುರುಗಳಾಗಿ, ಬಲಿಪೂಜೆ ಅರ್ಪಿಸುತ್ತಾ, ಉಳಿದ ಹೊತ್ತು ಬರೆಯುತ್ತಾ ಕಳೆದರು. ತಾನು ಕಂಡದ್ದು ಸೃಷ್ಟಿಯ ಸಹಜ ನಿಯಮ, ವಿಶ್ವಾಸಕ್ಕೆ ಅದರಿಂದ ಧಕ್ಕೆಯಿಲ್ಲ ಎಂದು ಆ ಪುಸ್ತಕದಲ್ಲಿ ವಾದಿಸಿದ್ದಾರೆ. ನಾಲ್ಕು ಸಂಪುಟ ಬರೆಯುವ ಉದ್ದೇಶವಿತ್ತು. 1819ರಲ್ಲಿ ಮೊದಲನೆಯದು ಮಾತ್ರ ಅಚ್ಚಾಯಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ತೀರಿಕೊಂಡರು. ಮೊಂಮಾರ್ತ್ರದಲ್ಲಿ ಮಣ್ಣು ಮಾಡಿದರು. ಸಮಾಧಿಗೆ ಗುರುತಿನ ಕಲ್ಲನ್ನೂ ಇಡಲಿಲ್ಲ.