ತಬಲಾ ಮೇರು ಉಸ್ತಾದ್ ಅಹ್ಮದ್‌ಜಾನ್ ಥಿರಕವಾ

ಉಸ್ತಾದ್ ಅಹ್ಮದ್‌ಜಾನ್ ಥಿರಕವಾ ಅವರು 1892ರಲ್ಲಿ ಇಂದಿನ ಉತ್ತರ ಪ್ರದೇಶದ ಮುರಾದಾಬಾದಿನಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ಉಸ್ತಾದ್ ಮುನೀರ್ ಖಾನರ ಶಿಷ್ಯರಾಗಿ ದೀರ್ಘಕಾಲ ಕಠಿಣ ಅಭ್ಯಾಸ ನಡೆಸಿದರು. ತಬಲೆಯ ಮೇಲೆ ನರ್ತಿಸುವ ಬೆರಳುಗಳೇ ಅವರಿಗೆ ‘ಥಿರಕವಾ’ ಎಂಬ ಹೆಸರನ್ನು ತಂದವು. ಉರ್ದು ಮನೆಮಾತಿನ ಈ ಕಲಾವಿದರು ಬಾಲಗಂಧರ್ವರ ಮರಾಠಿ ನಾಟಕ ಮಂಡಳಿಯಲ್ಲಿ ಹಲವು ವರ್ಷ ರಂಗಗೀತೆಗಳಿಗೆ ಸಾಥ್ ನೀಡಿ ಮರಾಠಿ ರಸಿಕರ ಮನಗೆದ್ದರು. ಮುಂದೆ ರಾಮಪುರದ ಆಸ್ಥಾನದಲ್ಲಿದ್ದು, ಬಳಿಕ ಲಖನೌದ ಭಾತಖಂಡೆ ಸಂಗೀತ ವಿದ್ಯಾಲಯದಲ್ಲಿ ಬೋಧಿಸಿದರು. ತಬಲಾ ಏಕವಾದನಕ್ಕೆ ಘನತೆ ತಂದ ಅವರಿಗೆ 1970ರಲ್ಲಿ ಪದ್ಮಭೂಷಣ ಸಂದಿತು. 1976ರ ಜನವರಿ 13ರಂದು ಅವರು ಕಾಲವಶರಾದರು.

ಮರಾಠಿ ಸೀಮೆಯಲ್ಲಿ ಕನ್ನಡದಲ್ಲಿ ಕಲಿಯುವ ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಮಕ್ಕಳಿಗೆ ಈ ಬಾಳು ಧೈರ್ಯ ತುಂಬುತ್ತದೆ. ಮನೆಮಾತು ಬೇರೆಯಾದರೂ ಸಾಧಕನಿಗೆ ನೆರೆಯವರ ಅಂಗಳದಲ್ಲಿ ಆದರದ ಆಸನವಿರುತ್ತದೆ.